ಮೆಟಾಲಿಕಾ ಕೆಟ್ಟಿತೋ, ನಮಗೆ ವಯಸ್ಸಾಯಿತೋ?

ಪ್ರಶ್ನೆ: ನಾವು ತುಮಕೂರಿನ ಐದು ಜನ ಗೆಳೆಯರು. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ಹುಚ್ಚು ಹತ್ತಿಸಿಕೊಂಡವರು. 2011ರ ಅಕ್ಟೋಬರ್ 30ರಂದು ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಅರಮನೆ ಮೈದಾನದಲ್ಲಿ ಅವರನ್ನು ಕಣ್ಣಾರೆ ಕಂಡೆವು. 2023ರ ಏಪ್ರಿಲ್‌ನಲ್ಲಿ ಅವರ ‘72 ಸೀಸನ್ಸ್’ ಆಲ್ಬಮ್ ಬಂದಾಗ ಮತ್ತೆ ಐವರೂ ನಮ್ಮ ಮನೆ ಮಹಡಿ ಮೇಲೆ ಸೇರಿ ಕೇಳಿದೆವು. ಅರ್ಧ ಆಗುವಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಬಂದಿತ್ತು. ಆಮೇಲೂ ಹಾಕಿ ನೋಡಿದ್ದೇನೆ, ಇವತ್ತಿಗೂ ಹಿಡಿಸಿಲ್ಲ. ಒಬ್ಬ ಗೆಳೆಯ ‘ದುಡ್ಡಿಗೆ ಮಾರಿಕೊಂಡರು’ ಅನ್ನುತ್ತಾನೆ. ಇನ್ನೊಬ್ಬ ‘ಸೌಂಡೇ ಸರಿಯಿಲ್ಲ’ ಅನ್ನುತ್ತಾನೆ. ಪಿಯುಸಿ ಓದುವ ನಮ್ಮ ಅಣ್ಣನ ಮಗನಿಗೆ ಇದೇ ಆಲ್ಬಮ್ ಇಷ್ಟ. ‘ನಿಮಗೆ ವಯಸ್ಸಾಯ್ತು ಚಿಕ್ಕಪ್ಪ’ ಅಂತಾನೆ. ಯಾರು ಸರಿ? ಇದರ ವಿನೈಲ್ ಪ್ಲೇಟು ತರಿಸಬೇಕು ಅಂತಿದ್ದೆ, ತರಿಸಲೋ ಬೇಡವೋ? — ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಅಣ್ಣನ ಮಗನಿಗೆ ಅರ್ಧ ಅಂಕ ಕೊಡೋಣ. ದುಡ್ಡಿಗೆ ಮಾರಿಕೊಂಡರು ಎಂದ ಗೆಳೆಯರಿಗೆ ಸೊನ್ನೆ. ಸೌಂಡ್ ಸರಿಯಿಲ್ಲ ಎಂದವರು ಅದೇ ಮಾತನ್ನು ಇದೇ ತಂಡದ 2008ರ ಆಲ್ಬಮ್ ಬಗ್ಗೆ ಆಡಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಈ ಆಲ್ಬಮ್‌ಗೆ ಅದು ಅಂಟುವುದಿಲ್ಲ. ನಿಮಗೆ ಬೇಸರವಾಗಿದ್ದು ಸುಳ್ಳಲ್ಲ. ಆದರೆ ಆ ಬೇಸರಕ್ಕೆ ಸರಿಯಾದ ವಿಳಾಸ ಬರೆಯದೆ ಅಂಚೆಗೆ ಹಾಕಿದ್ದೀರಿ, ಅಷ್ಟೇ.

ನನ್ನ ಕಸುಬು ಮಿಕ್ಸಿಂಗ್. ಹಾಡಿಗೆ ಹಿಡಿದ ಹತ್ತಾರು ಟ್ರ್ಯಾಕ್‌ಗಳನ್ನು ಒಂದರೊಳಗೊಂದು ಕೂರಿಸಿ ಕೇಳುವ ಹಾಗೆ ಮಾಡಿಕೊಡುವ ಕೆಲಸ. ನಮ್ಮಲ್ಲಿಗೆ ಬರುವವರೆಲ್ಲ ಮೊದಲು ಹೇಳುವ ಮಾತು ಒಂದೇ: ‘ಏನೋ ಸರಿಯಿಲ್ಲ ಸಾರ್.’ ಆ ‘ಏನೋ’ ಎಲ್ಲಿದೆ ಎಂದು ಹುಡುಕುವುದರಲ್ಲೇ ನಮ್ಮ ಅರ್ಧ ದಿನ ಹೋಗುತ್ತದೆ. ಹಾಡಿನ ಕಟ್ಟುವಿಕೆಯಲ್ಲಿದೆಯೋ, ನುಡಿಸಿದ ಕೈಯಲ್ಲಿದೆಯೋ, ಮೈಕ್ ಇಟ್ಟ ಜಾಗದಲ್ಲಿದೆಯೋ, ಮಿಕ್ಸಿಂಗ್‌ನಲ್ಲೋ, ಕೊನೆಗೆ ಇಡೀ ಆಲ್ಬಮ್‌ನ ಸದ್ದನ್ನು ಹದಕ್ಕೆ ತರುವ ಮಾಸ್ಟರಿಂಗ್‌ನಲ್ಲೋ, ಅಥವಾ ಅವರು ಅದನ್ನು ಕಾರಿನ ಒಡೆದ ಸ್ಪೀಕರ್‌ನಲ್ಲಿ ಕೇಳಿಕೊಂಡು ಬಂದರೋ. ಅಭಿಮಾನಿಗಳು ಈ ಹುಡುಕಾಟ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಸಿಟ್ಟು ಬಂದಾಗ ಎದುರಿಗೆ ಸಿಕ್ಕವರನ್ನು ಬಯ್ಯುತ್ತಾರೆ. ನೀವು ಕೇಳಿದ್ದೀರಿ ಅಂತ ಹುಡುಕಿ ಹೇಳುತ್ತೇನೆ. ಈ ಕೆಲಸಕ್ಕೆ ಮೆಟಾಲಿಕಾಗಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅಭಿಮಾನಿಗಳನ್ನು ಇಷ್ಟು ಬಗೆಬಗೆಯಾಗಿ, ಪ್ರತಿ ಸಲವೂ ಹೊಸ ಕಾರಣಕ್ಕೆ ಬೇಸರಪಡಿಸಿದ ತಂಡ ನನಗೆ ಗೊತ್ತಿರುವಂತೆ ಬೇರೆ ಇಲ್ಲ.

1988ರಿಂದ ಶುರು ಮಾಡೋಣ. ತಂಡದಲ್ಲಿ ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬಸ್ ಮಗುಚಿ ತೀರಿಕೊಂಡರು. ಅವರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಹೊಸಬರು ನುಡಿಸಿದ ಮೊದಲ ಪೂರ್ಣ ಆಲ್ಬಮ್ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’. ಅದರಲ್ಲಿ ಬೇಸ್ ಎಲ್ಲಿದೆ ಎಂದು ಹೆಡ್‌ಫೋನ್ ಹಾಕಿಕೊಂಡು ಹುಡುಕಿದರೂ ಸಿಗುವುದು ಕಷ್ಟ. ಮಿಕ್ಸ್ ಮಾಡಿದ ಇಬ್ಬರಲ್ಲಿ ಒಬ್ಬರಾದ ಸ್ಟೀವ್ ಥಾಂಪ್ಸನ್, ಬೇಸ್ ತಗ್ಗಿಸಲು ಹೇಳಿದ್ದು ಡ್ರಮ್ಮರ್ ಲಾರ್ಸ್ ಉಲ್ರಿಕ್ ಎಂದು ಮುಂದೆ ಬಹಿರಂಗವಾಗಿಯೇ ಹೇಳಿದರು. ಮಿಕ್ಸಿಂಗ್ ನಡೆಯುವಾಗ ತಂಡ ಪ್ರವಾಸದಲ್ಲಿತ್ತು. ರಾತ್ರಿಯಿಡೀ ಸ್ಟೇಜಿನ ಸದ್ದಿನಲ್ಲಿ ನಿಂತು ದಣಿದ ಕಿವಿ ಹೊತ್ತುಕೊಂಡು ಸ್ಟುಡಿಯೋಗೆ ಬಂದು ‘ಇದನ್ನು ತಗ್ಗಿಸಿ, ಅದನ್ನು ಏರಿಸಿ’ ಎಂದರೆ ಏನಾಗುತ್ತದೆ ಎಂದು ಈ ಕಸುಬಿನಲ್ಲಿರುವ ಯಾರನ್ನಾದರೂ ಕೇಳಿ. ಸಾಲದ್ದಕ್ಕೆ ಹಾಡುಗಾರ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅವರ ಗಿಟಾರ್ ಸದ್ದೇ ಬೇಸ್ ಇರಬೇಕಾದ ಜಾಗವನ್ನು ಆಕ್ರಮಿಸಿ ಕೂತಿತ್ತು. ನ್ಯೂಸ್ಟೆಡ್ ಬಹಳ ಕಡೆ ಗಿಟಾರಿನದೇ ಸಾಲನ್ನು ನುಡಿಸುತ್ತಿದ್ದರು. ಹೀಗಾಗಿ ಉಳಿದಿದ್ದೂ ಕರಗಿ ಹೋಯಿತು. ಇಲ್ಲಿ ಹಾಡುಗಳು ಗಟ್ಟಿ, ನುಡಿಸಾಣಿಕೆ ಗಟ್ಟಿ. ದೋಷದ ವಿಳಾಸ ಮಿಕ್ಸಿಂಗ್ ಟೇಬಲ್. 2018ರಲ್ಲಿ ಇದೇ ಆಲ್ಬಮ್ ಮತ್ತೆ ಮಾಸ್ಟರಿಂಗ್ ಆಗಿ ಹೊರಬಂದಾಗ ಬೇಸ್ ಸೇರಿಸಬಹುದಿತ್ತು. ಸೇರಿಸಲಿಲ್ಲ. ಅಷ್ಟು ಹೊತ್ತಿಗೆ ಆ ಕೊರತೆಯೇ ಆ ಆಲ್ಬಮ್‌ನ ಮುಖವಾಗಿಬಿಟ್ಟಿತ್ತು.

1991ರ ಕಪ್ಪು ಹೊದಿಕೆಯ ಆಲ್ಬಮ್ ಬಂದಾಗ ಹಳೆಯ ಅಭಿಮಾನಿಗಳು ಇನ್ನೊಂದು ರಾಗ ತೆಗೆದರು: ಹಾಡುಗಳು ಚಿಕ್ಕವಾದವು, ನಿಧಾನವಾದವು, ರೇಡಿಯೋಗೆ ಬಾಗಿದವು. ನಿಮ್ಮ ಪೀಳಿಗೆಯ ಎಷ್ಟೋ ಜನ ಮೆಟಾಲಿಕಾ ಕಲಿತಿದ್ದೇ ಆ ಆಲ್ಬಮ್‌ನಿಂದ, ಅಮೆರಿಕದಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಹೋಗಿವೆ. 1996ರ ‘ಲೋಡ್’ ಬಂದಾಗ ತಲೆಗೂದಲು ಕತ್ತರಿಸಿಕೊಂಡಿದ್ದಕ್ಕೂ ಗಲಾಟೆಯಾಯಿತು. ಅದರ ಬಗ್ಗೆ ಹೇಳುವುದೇನಿಲ್ಲ, ಕೂದಲಿಗೂ ಕಿವಿಗೂ ಸಂಬಂಧವಿಲ್ಲ.

2003ರ ‘ಸೇಂಟ್ ಆ್ಯಂಗರ್’ಗೆ ಬರೋಣ. ನಿಮ್ಮ ಹಾಸ್ಟೆಲ್‌ನಲ್ಲೂ ಇದನ್ನು ಯಾರಾದರೂ ‘ತಗಡಿನ ಡಬ್ಬ’ ಎಂದೇ ಕರೆದಿರುತ್ತಾರೆ. ಸ್ನೇರ್ ಡ್ರಮ್ಮಿನ ಕೆಳಮುಖದ ಹೊದಿಕೆಗೆ ತಾಗಿಕೊಂಡಂತೆ ತಂತಿಗಳ ಒಂದು ಪಟ್ಟಿ ಇರುತ್ತದೆ. ಹೊಡೆದಾಗ ‘ಛಟ್’ ಎಂದು ಚಿಕ್ಕದಾಗಿ ಒಡೆದು ನಿಲ್ಲುವ ಸದ್ದು ಬರುವುದು ಆ ತಂತಿಗಳಿಂದ. ಪಕ್ಕದ ಸಣ್ಣ ಹಿಡಿಕೆ ಒತ್ತಿ ತಂತಿಯನ್ನು ಕೆಳಗಿಳಿಸಿದರೆ ಅದೇ ಡ್ರಮ್ಮು ‘ಟಂಯ್’ ಎಂದು ಎಳೆದು ಮೊಳಗುತ್ತದೆ. ಉಲ್ರಿಕ್ ಆ ಆಲ್ಬಮ್ ಪೂರ್ತಿ ತಂತಿ ಇಳಿಸಿಯೇ ನುಡಿಸಿದರು. ಮೊಳಗುವುದೇ ತಪ್ಪು ಎಂದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೆ. ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುವುದೇ ಅದು ಚೆನ್ನಾಗಿ ಮೊಳಗಲಿ ಎಂದು. ಬಯಲಲ್ಲಿ ಆ ಮೊಳಗಿಗೆ ಜಾಗವಿರುತ್ತದೆ, ಅಡ್ಡ ಬರುವ ವಾದ್ಯ ಕಡಿಮೆ, ಸದ್ದು ಹೊಲ ದಾಟಿ ಮುಂದಿನ ಊರಿಗೆ ಹೋಗುತ್ತದೆ. ‘ಸೇಂಟ್ ಆ್ಯಂಗರ್’ನಲ್ಲಿ ಎರಡು ಗಿಟಾರ್‌ಗಳು ಮಧ್ಯದ ಸ್ವರಗಳ ಜಾಗವನ್ನೆಲ್ಲ ಗೋಡೆಯಂತೆ ತುಂಬಿಕೊಂಡು ಕೂತಿರುವಾಗ, ಅದೇ ಜಾಗದಲ್ಲಿ ಡ್ರಮ್ಮೂ ಮೊಳಗಿದರೆ ಕಿವಿಗೆ ಉಳಿಯುವುದು ತಲೆನೋವು. ಅದೂ ಸುಮಾರು 75 ನಿಮಿಷ. ಗಿಟಾರ್ ಒಂದೇ ಮುಂದೆ ಬಂದು ಮೆರೆಯುವ ಸೋಲೋ ಒಂದೂ ಇಲ್ಲ.

ಆದರೆ ಆ ಆಲ್ಬಮ್ ಹೇಗೆ ಹುಟ್ಟಿತು ನೋಡಿ. ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋದರು. ಹೆಟ್‌ಫೀಲ್ಡ್ ಕುಡಿತ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಸೇರಿದರು. ಬೇಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಮುರಿದು ಬಿದ್ದ ಮನೆಯಲ್ಲಿ ಕೂತು ಹಿಡಿದ ಸದ್ದು ಅದು, ಹಾಗೇ ಇರಲಿ ಎಂದು ಬೇಕೆಂದೇ ಬಿಟ್ಟರು. ಅಂದರೆ ಇಲ್ಲಿರುವುದು ತಪ್ಪಲ್ಲ, ತೀರ್ಮಾನ. ತೀರ್ಮಾನ ನಿಮಗೆ ಹಿಡಿಸದಿರಬಹುದು, ನನಗೂ ಹಿಡಿಸುವುದಿಲ್ಲ. ಆದರೆ ‘ಇವರಿಗೆ ಕೈಲಾಗಲಿಲ್ಲ’ ಎನ್ನುವುದು ಬೇರೆ, ‘ಇವರು ಹೀಗೆ ಮಾಡಬಾರದಿತ್ತು’ ಎನ್ನುವುದು ಬೇರೆ. ಬಾಬ್ ರಾಕ್ ಅವರನ್ನು ತೆಗೆಯಬೇಕೆಂದು ಅಭಿಮಾನಿಗಳು ಸಹಿ ಸಂಗ್ರಹವನ್ನೂ ಮಾಡಿದರು. ಅತ್ತ ಅದರ ಶೀರ್ಷಿಕೆ ಗೀತೆಗೆ 2004ರಲ್ಲಿ ಗ್ರ್ಯಾಮಿ ಬಂತು. ಪ್ರಶಸ್ತಿಗಳನ್ನು ಹಿಡಿದು ವಾದ ಮಾಡಬೇಡಿ ಎಂದು ಇದಕ್ಕೇ ಹೇಳುವುದು. ‘72 ಸೀಸನ್ಸ್’ ಶೀರ್ಷಿಕೆ ಗೀತೆಗೂ 2024ರಲ್ಲಿ ಬಂದಿದೆ.

ಈಗ ನಿಮ್ಮ ‘ಸೌಂಡ್ ಸರಿಯಿಲ್ಲ’ ಗೆಳೆಯರ ಪಾಲಿಗೆ. 2008ರ ಸೆಪ್ಟೆಂಬರ್‌ನ ‘ಡೆತ್ ಮ್ಯಾಗ್ನೆಟಿಕ್’. ಹಾಡುಗಳು ಚೆನ್ನಾಗಿದ್ದವು, ಸೋಲೋಗಳು ವಾಪಸ್ ಬಂದವು, ನಿರ್ಮಾಪಕರು ರಿಕ್ ರೂಬಿನ್. ಆದರೂ ಹತ್ತು ನಿಮಿಷ ಕೇಳಿದರೆ ಕಿವಿ ಸೋಲುತ್ತದೆ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಕೀಬೋರ್ಡಿನವನು ‘ನಂದು ಕೇಳ್ತಿಲ್ಲ’ ಎಂದು ಸನ್ನೆ ಮಾಡುತ್ತಾನೆ, ಮೈಕ್‌ಸೆಟ್‌ನವನು ಏರಿಸುತ್ತಾನೆ. ಆಮೇಲೆ ಗಾಯಕಿ, ಆಮೇಲೆ ಡೋಲಕ್. ಎಲ್ಲರದ್ದೂ ಏರಿದ ಮೇಲೆ ಯಾರದ್ದೂ ಏರಿಲ್ಲ, ಆಂಪ್ಲಿಫೈಯರ್ ಮಾತ್ರ ಕರಕರ ಎನ್ನುತ್ತದೆ. ರೆಕಾರ್ಡಿಂಗ್‌ನಲ್ಲಿ ಇದನ್ನು ಯಂತ್ರದಿಂದ ಮಾಡುತ್ತಾರೆ: ಮೆಲ್ಲನೆಯ ಸದ್ದನ್ನು ಮೇಲೆಳೆದು, ಜೋರಾದದ್ದನ್ನು ಮೊಟಕು ಮಾಡಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದು, ಒಟ್ಟು ಮಟ್ಟವನ್ನು ಸೂರಿಗೆ ತಾಗಿಸುತ್ತಾರೆ. ಸೂರಿಗೆ ತಾಗಿದ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ತುದಿಯೇ ನಿಮಗೆ ಕರಕರ ಅನ್ನಿಸುವುದು. ಅಂಗಡಿಯಲ್ಲಿ, ರೇಡಿಯೋದಲ್ಲಿ ಪಕ್ಕದ ಹಾಡಿಗಿಂತ ತಮ್ಮದು ಜೋರಾಗಿ ಕೇಳಲಿ ಎಂಬ ಪೈಪೋಟಿ ಆಗ ಲೋಕಕ್ಕೆಲ್ಲ ಅಂಟಿತ್ತು. ನಮ್ಮ ಸಿನಿಮಾ ಹಾಡುಗಳಿಗೂ ಅಂಟಿತ್ತು.

ಇದು ಬಯಲಾದ ಬಗೆ ಮಜವಾಗಿದೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮ್‌ಗೂ ಹೋಗಿದ್ದವು. ಗೇಮ್‌ನವರಿಗೆ ಸಿಕ್ಕಿದ್ದು ಹೀಗೆ ಹಿಸುಕುವ ಮೊದಲಿನ ಟ್ರ್ಯಾಕ್‌ಗಳು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಅಲೆಯ ಚಿತ್ರ ತೆಗೆದರು: ಗೇಮ್‌ನದ್ದು ಬೆಟ್ಟ ಕಣಿವೆ, ಸಿಡಿಯದ್ದು ಇಟ್ಟಿಗೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಸಹಿ ಹಾಕಿದರು. ಬೈಗುಳ ಹೋಗಿದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್‌ಗೆ. ಅವರು ತಮ್ಮ ಕೈಗೆ ಬರುವ ಹೊತ್ತಿಗೇ ಅದು ಹಾಗಿತ್ತು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೂ ಅಭಿಮಾನಿಗಳ ಬೇಸರ ನೂರಕ್ಕೆ ನೂರು ನ್ಯಾಯವಾಗಿದ್ದ ಪ್ರಸಂಗ ಇದೊಂದು. ಅದು ರುಚಿಯ ಮಾತಾಗಿರಲಿಲ್ಲ, ಕಣ್ಣಿಗೆ ತೋರಿಸಬಹುದಾದ ದೋಷವಾಗಿತ್ತು.

ನೀವು ಅರಮನೆ ಮೈದಾನದಲ್ಲಿ ಕುಣಿದ ಮಾರನೇ ದಿನ, ಅಂದರೆ 2011ರ ಅಕ್ಟೋಬರ್ 31ರಂದು, ಅಮೆರಿಕದ ಗಾಯಕ ಲೂ ರೀಡ್ ಜೊತೆ ಅವರು ಮಾಡಿದ ‘ಲೂಲೂ’ ಆಲ್ಬಮ್ ಬಿಡುಗಡೆಯಾಯಿತು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಇಲ್ಲದಿರುವುದೇ ಉತ್ತರ! ಅಂದು ಸ್ಟೇಜಿನ ಮೇಲೆ ಅವರು ನುಡಿಸಿದ ಹಾಡುಗಳಲ್ಲಿ ಬಹುಪಾಲು 1983ರಿಂದ 1991ರೊಳಗಿನವು. ನಮ್ಮ ಗುಬ್ಬಿ ಕಂಪನಿಯಂಥ ನಾಟಕಗಳ ಕಾಲದಿಂದಲೂ ಜನ ‘ಒನ್ಸ್ ಮೋರ್’ ಕೂಗಿದವರು, ನಟ ಸತ್ತು ಬಿದ್ದಿದ್ದರೂ ಎದ್ದು ನಿಂತು ಹಾಡು ಮತ್ತೆ ಹಾಡಬೇಕಿತ್ತು ಅನ್ನುತ್ತಾರೆ. ಸ್ಟೇಜಿನ ಮೇಲೆ ಆ ಬೇಡಿಕೆ ಈಡೇರುತ್ತದೆ. ಸ್ಟುಡಿಯೋ ಆಲ್ಬಮ್‌ನಿಂದ ಅದನ್ನೇ ಕೇಳಿದರೆ ಕೊಡಲಾಗದು. ಕೊಟ್ಟರೆ ‘ಹಳೇದನ್ನೇ ಕುಟ್ಟಿದ್ದಾರೆ’ ಎಂದು ಬಯ್ಯುವವರೂ ನೀವೇ.

ಇನ್ನು ‘72 ಸೀಸನ್ಸ್’. ಸೌಂಡ್ ವಿಷಯದಲ್ಲಿ ಇದರಲ್ಲಿ ತಕರಾರು ತೆಗೆಯಲು ನನಗೆ ಕಷ್ಟ. ನಿರ್ಮಾಪಕರು ಗ್ರೆಗ್ ಫಿಡೆಲ್‌ಮನ್, ಜೊತೆಗೆ ಹೆಟ್‌ಫೀಲ್ಡ್ ಮತ್ತು ಉಲ್ರಿಕ್. ಗಿಟಾರ್ ದಪ್ಪಗಿದೆ, ಆದರೆ ಬೇರೆಯವರ ಜಾಗಕ್ಕೆ ಕಾಲಿಟ್ಟಿಲ್ಲ. ಸ್ನೇರ್ ‘ಛಟ್’ ಎನ್ನುತ್ತದೆ. ರಾಬರ್ಟ್ ಟ್ರುಹಿಯೋ ಅವರ ಬೇಸ್ ಕೊನೆಯ ಹಾಡಿನ ನಡುವೆ ಒಂಟಿಯಾಗಿ ನಡೆಯುವ ಜಾಗವನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. 1988ರ ಸಾಲ ಬಡ್ಡಿ ಸಮೇತ ತೀರಿದಂತಿದೆ. ಅಷ್ಟಿದ್ದೂ ನಿಮ್ಮ ಮಹಡಿಯ ಮೇಲೆ ಐದೂ ಮೊಬೈಲ್ ಹೊರಬಂದವು. ಅರ್ಧ ಆಗುವಷ್ಟರಲ್ಲಿ ಎಂದು ನೀವೇ ಬರೆದಿದ್ದೀರಿ. ವಿಳಾಸ ಅಲ್ಲೇ ಇದೆ: ಉದ್ದ.

ಹನ್ನೆರಡು ಹಾಡು, 77 ನಿಮಿಷ. ತುಮಕೂರಲ್ಲಿ ಹಾಕಿಕೊಂಡು ಕಾರು ಹತ್ತಿದರೆ ಕ್ಯಾತ್ಸಂದ್ರ ಟೋಲ್, ದಾಬಸ್‌ಪೇಟೆ, ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಾಗಲೂ ಮುಗಿದಿರುವುದಿಲ್ಲ. ಇದಕ್ಕೆ ಹೋಲಿಸಿ: 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಟು ಹಾಡು, ಸುಮಾರು 55 ನಿಮಿಷ. ಅದರಲ್ಲೂ ಎಂಟು ನಿಮಿಷದ ಹಾಡುಗಳಿದ್ದವು. ಆದರೆ ಎಂಟು ನಿಮಿಷದೊಳಗೆ ಹಾಡು ಮೂರು ಊರು ನೋಡಿಕೊಂಡು ಬರುತ್ತಿತ್ತು: ಒಂದು ಕಡೆ ಓಟ, ಒಂದು ಕಡೆ ನಿಂತು ಉಸಿರು, ಮತ್ತೆ ಬೇರೆ ದಾರಿಯಲ್ಲಿ ವಾಪಸ್. ‘72 ಸೀಸನ್ಸ್’ನ ನಡುವಿನ ಹಲವು ಹಾಡುಗಳಲ್ಲಿ ಒಂದು ಒಳ್ಳೆಯ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು ಇದೆ, ಅದರ ಸುತ್ತ ಆರೇಳು ನಿಮಿಷ ಪ್ರದಕ್ಷಿಣೆ ಇದೆ. ಲಯವೂ ಬಹುತೇಕ ನಡುಮಟ್ಟದ್ದು. ಒಂದು ಹಾಡಿಗೆ ಅದು ಚೆಂದ. ಸಾಲಾಗಿ ನಾಲ್ಕು ಬಂದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಇದಕ್ಕೊಂದು ಯಾಂತ್ರಿಕ ಹಿನ್ನೆಲೆಯೂ ಇದೆ. ಎಲ್‌ಪಿ, ಅಂದರೆ ವಿನೈಲ್ ಪ್ಲೇಟಿನ ಒಂದು ಬದಿಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಮೀರಿ ತುಂಬಿದರೆ ಗೆರೆಗಳು ಇಕ್ಕಟ್ಟಾಗಿ ಸದ್ದು ಸಣ್ಣದಾಗುತ್ತದೆ. ಆದ್ದರಿಂದ ಹಳೆಯ ಆಲ್ಬಮ್‌ಗಳು 40, 45 ನಿಮಿಷದ ಆಸುಪಾಸಿನಲ್ಲಿ ನಿಲ್ಲುತ್ತಿದ್ದವು. ಯಾವುದೋ ಎರಡು ಹಾಡು ಹೊರಗೆ ಉಳಿಯುತ್ತಿತ್ತು, ಆ ಜಗಳದಲ್ಲಿ ಬಲವಿದ್ದದ್ದು ಉಳಿಯುತ್ತಿತ್ತು. ಸಿಡಿ ಬಂದ ಮೇಲೆ 74ರಿಂದ 80 ನಿಮಿಷದವರೆಗೆ ಜಾಗ ಸಿಕ್ಕಿತು. ‘ಲೋಡ್’ ಎಷ್ಟು ತುಂಬಿತೆಂದರೆ ಕೊನೆಯ ಹಾಡನ್ನು ಸುಮಾರು ಒಂದು ನಿಮಿಷ ಕತ್ತರಿಸಿ 78 ನಿಮಿಷ 59 ಸೆಕೆಂಡಿಗೆ ನಿಲ್ಲಿಸಬೇಕಾಯಿತು. ಆಮೇಲೆ ಬಂದವೆಲ್ಲ ಹೆಚ್ಚುಕಡಿಮೆ 75ರ ಮೇಲೋ ಕೆಳಗೋ. ಈಗಂತೂ ಸ್ಟ್ರೀಮಿಂಗ್‌ನಲ್ಲಿ ಜಾಗಕ್ಕೆ ಗೋಡೆಯೇ ಇಲ್ಲ.

ಗೋಡೆ ಇಲ್ಲದಾಗ ‘ಸಾಕು’ ಎನ್ನುವ ಮನುಷ್ಯ ಬೇಕು. 1990ರ ಅಕ್ಟೋಬರ್‌ನಿಂದ ಮುಂದಿನ ಜೂನ್‌ವರೆಗೆ ಕಪ್ಪು ಆಲ್ಬಮ್ ಹಿಡಿದಾಗ ಆ ಮನುಷ್ಯ ಬಾಬ್ ರಾಕ್. ಅವರಿಗೂ ತಂಡಕ್ಕೂ ದಿನಾ ಜಟಾಪಟಿ. ಫಲ ನಿಮಗೆ ಗೊತ್ತಿದೆ. ಇಂದು ಆ ಕುರ್ಚಿ ಹೆಚ್ಚುಕಡಿಮೆ ಖಾಲಿ. ತಂಡದ ಮೊದಲ ಇಬ್ಬರೇ ನಿರ್ಮಾಪಕರ ಜೊತೆ ಕೂತಿರುವಾಗ ಅವರ ರಿಫ್‌ಗೆ ಕತ್ತರಿ ಹಾಕುವವರು ಯಾರು?

ನಿಮ್ಮ ಮೊದಲ ಗೆಳೆಯರಿಗೆ ಸೊನ್ನೆ ಕೊಟ್ಟಿದ್ದು ಇದೇ ಕಾರಣಕ್ಕೆ. ಮೆಟಾಲಿಕಾ 2012ರಲ್ಲಿ ಬ್ಲ್ಯಾಕನ್ಡ್ ರೆಕಾರ್ಡಿಂಗ್ಸ್ ಎಂಬ ತನ್ನದೇ ಕಂಪನಿ ಮಾಡಿಕೊಂಡಿತು, ಹಳೆಯ ಮಾಸ್ಟರ್‌ಗಳ, ಅಂದರೆ ಮೂಲ ರೆಕಾರ್ಡಿಂಗ್‌ಗಳ ಹಕ್ಕೂ ಅವರ ಕೈಗೇ ಬಂತು. ‘72 ಸೀಸನ್ಸ್’ ಹೊರಬಂದಿದ್ದೂ ಅಲ್ಲಿಂದಲೇ. ‘ಹಿಟ್ ಕೊಡಿ, ಮೂರು ನಿಮಿಷಕ್ಕೆ ಮುಗಿಸಿ’ ಎಂದು ಬಾಗಿಲು ಬಡಿಯುವ ಧಣಿ ಇಲ್ಲ. ದುಡ್ಡಿಗಾಗಿ ಮಾಡುವವರು 11 ನಿಮಿಷ 10 ಸೆಕೆಂಡಿನ ಹಾಡಿನಿಂದ ಆಲ್ಬಮ್ ಮುಗಿಸುವುದಿಲ್ಲ. ಅವರ ಸ್ವಂತ ಹಾಡುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ದುಡ್ಡು ಇರುವುದು ಪ್ರವಾಸದಲ್ಲಿ. 2023ರ ಏಪ್ರಿಲ್ ಕೊನೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಪ್ರವಾಸದಲ್ಲಿ ಒಂದೇ ಊರಲ್ಲಿ ಎರಡು ರಾತ್ರಿ ನುಡಿಸಿ, ಮೊದಲ ರಾತ್ರಿಯ ಒಂದು ಹಾಡನ್ನೂ ಎರಡನೇ ರಾತ್ರಿ ನುಡಿಸದ ಏರ್ಪಾಡು ಮಾಡಿದರು. ಆಗ ಅರವತ್ತರ ಹೊಸ್ತಿಲಲ್ಲಿದ್ದವರು ಅಷ್ಟು ಹಾಡುಗಳನ್ನು ಕೈಯಲ್ಲಿಟ್ಟುಕೊಂಡು ತಿರುಗುವುದು ಸೋಮಾರಿಗಳ ಲಕ್ಷಣವಲ್ಲ. ಹಂಗಿನಲ್ಲಿದ್ದಾಗ ಚೆನ್ನಾಗಿ ಕತ್ತರಿಸುತ್ತಿದ್ದರು. ಸ್ವತಂತ್ರರಾದ ಮೇಲೆ ಕತ್ತರಿ ಬಿಟ್ಟರು. ಮಾರಿಕೊಂಡರು ಎನ್ನುವುದಕ್ಕಿಂತ ತೀರಾ ಉಲ್ಟಾ.

ನಿಮಗೆ ಇನ್ನೊಂದು ಮೋಸವೂ ಆಯಿತು, ಗೊತ್ತಿಲ್ಲದೆ. 2022ರ ನವೆಂಬರ್‌ನಲ್ಲಿ ಮುಂಗಡವಾಗಿ ಬಿಟ್ಟ ಮೊದಲ ಹಾಡು ಆಲ್ಬಮ್‌ನಲ್ಲೇ ಅತಿ ಚಿಕ್ಕದು, ಮೂರೂವರೆ ನಿಮಿಷವೂ ಇಲ್ಲ, ಓಟವೂ ಜೋರು. ಅದನ್ನು ಕೇಳಿ ನೀವೆಲ್ಲ ಅವರ ಮೊದಲ ಆಲ್ಬಮ್‌ನ 1983 ವಾಪಸ್ ಬಂತು ಎಂದುಕೊಂಡು ಐದು ತಿಂಗಳು ಕಾದಿರುತ್ತೀರಿ. ಬಂದಿದ್ದು ಬೇರೆಯೇ ನಡಿಗೆ. ನಿರೀಕ್ಷೆ ಅಷ್ಟು ಏರದಿದ್ದರೆ ಬೀಳುವುದೂ ಅಷ್ಟು ನೋಯುತ್ತಿರಲಿಲ್ಲ.

ಅಣ್ಣನ ಮಗನ ಅರ್ಧ ಅಂಕದ ಮಾತು. ಹತ್ತರಿಂದ ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಕೇಳಿದ ಹಾಡು ಉಳಿದೆಲ್ಲಕ್ಕಿಂತ ಆಳವಾಗಿ ನಾಟುತ್ತದೆ ಎನ್ನುವುದು ನೆನಪಿನ ಅಧ್ಯಯನ ಮಾಡುವವರು ಮತ್ತೆ ಮತ್ತೆ ಕಂಡಿರುವ ಸಂಗತಿ. ಇನ್ನೊಂದು, ರಾಬರ್ಟ್ ಜಾಯಾನ್ಸ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ತೋರಿಸಿದ್ದು: ಪದೇ ಪದೇ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು, ಬೇರೆ ಕಾರಣವಿಲ್ಲದೆಯೂ ಹಿತವಾಗತೊಡಗುತ್ತದೆ. ಹಾಸ್ಟೆಲ್ ನೆನಪಿಸಿಕೊಳ್ಳಿ. ಒಂದು ಪೆನ್‌ಡ್ರೈವ್, ಅದರಲ್ಲಿ ಅವರ ಆಲ್ಬಮ್‌ಗಳು, ಸೆಮಿಸ್ಟರ್ ಪೂರ್ತಿ ಅದೇ. ಹಿಡಿಸದ ಹಾಡೂ ಓಡುತ್ತಲೇ ಇರುತ್ತಿತ್ತು, ಏಕೆಂದರೆ ದಾಟಿಸಲು ಎದ್ದು ಹೋಗಬೇಕಿತ್ತು. ಹಾಗೆ ಕೇಳಿ ಕೇಳಿಯೇ ಎಷ್ಟೋ ಹಾಡು ನಿಮ್ಮದಾದವು. ಹೊಸ ಆಲ್ಬಮ್‌ಗೆ ನೀವು ಕೊಟ್ಟಿದ್ದು ಒಂದು ಸಂಜೆ, ಆಮೇಲೆ ಅಲ್ಲಲ್ಲಿ ಚೂರುಪಾರು. ನಿಮ್ಮ ಹುಡುಗನ ದಾರಿ ಬೇರೆ. 2022ರಲ್ಲಿ ನೆಟ್‌ಫ್ಲಿಕ್ಸ್‌ನ ಧಾರಾವಾಹಿಯೊಂದರಲ್ಲಿ ಅವರ 1986ರ ಹಾಡು ಬಂದು ಆ ವಯಸ್ಸಿನವರೆಲ್ಲ ಮೆಟಾಲಿಕಾ ಹಿಂದೆ ಬಿದ್ದರು. ಮರುವರ್ಷವೇ ಬಂದ ಈ ಆಲ್ಬಮ್ ಅವರ ಪಾಲಿಗೆ ‘ನಮ್ಮ ಕಾಲದ್ದು’. ಆಲ್ಬಮ್‌ನ ವಸ್ತುವೂ ಇದೇ: ಬದುಕಿನ ಮೊದಲ ಹದಿನೆಂಟು ವರ್ಷ, ಅಂದರೆ ಅಲ್ಲಿನ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕರಂತೆ 72 ಋತು, ಮನುಷ್ಯನನ್ನು ಹೇಗೆ ರೂಪಿಸಿಬಿಡುತ್ತದೆ ಎಂಬುದು. ಹುಡುಗ ಆ ಋತುಗಳೊಳಗೇ ಇದ್ದಾನೆ. ನೀವು ಹೊರಗೆ ನಿಂತು ಕೇಳುತ್ತಿದ್ದೀರಿ.

ಉಳಿದರ್ಧ ಅಂಕ ಯಾಕೆ ಕೊಡಲಿಲ್ಲ ಎಂದರೆ, ವಯಸ್ಸು ಎಲ್ಲವನ್ನೂ ವಿವರಿಸುವುದಿಲ್ಲ. ವಯಸ್ಸೇ ಕಾರಣವಾಗಿದ್ದರೆ ನಿಮಗೆ ಹೊಸ ಹಾಡು ಯಾವುದೂ ಹಿಡಿಸಬಾರದಿತ್ತು. ನಾನು ಪಂದ್ಯ ಕಟ್ಟುತ್ತೇನೆ, ಈ ಆಲ್ಬಮ್‌ನಲ್ಲೇ ನಿಮಗೆ ಹಿಡಿಸುವ ಆರೇಳು ಹಾಡಿವೆ. ಹುಡುಕಿಕೊಡುತ್ತೇನೆ, ಪರೀಕ್ಷೆ ಮಾಡಿ.

ಆ್ಯಪ್‌ನಲ್ಲಿ ಒಂದು ಪಟ್ಟಿ ಮಾಡಿ. ಆಲ್ಬಮ್‌ನ ಹಾಡು 1, 2, 3, 6, 10, 11, 12, ಇದೇ ಸಾಲಿನಲ್ಲಿ. ಕೂಡಿದರೆ ಸುಮಾರು 44 ನಿಮಿಷ, ಹಳೆಯ ಎಲ್‌ಪಿಯ ಅಳತೆ. ಓಡುವ ಹಾಡಿನಿಂದ ಶುರು, ನಡುವೆ ಆ ಚಿಕ್ಕ ಚುರುಕಿನದ್ದು, ಕೊನೆಗೆ ಆ ಉದ್ದನೆಯದ್ದು. ಹನ್ನೊಂದು ನಿಮಿಷದ ಹಾಡನ್ನು ಯಾಕೆ ಉಳಿಸಿದಿರಿ, ಉದ್ದವೇ ಕಾಯಿಲೆ ಎಂದಿರಲ್ಲ ಎಂದು ಕೇಳುತ್ತೀರಿ. ಅದೊಂದೇ ಹಾಡು ತನ್ನ ಉದ್ದಕ್ಕೆ ಲೆಕ್ಕ ಕೊಡುತ್ತದೆ. ನಡುವೆ ನಿಲ್ಲುತ್ತದೆ, ಬೇಸ್ ಒಂದೇ ಉಳಿಯುತ್ತದೆ, ಗಿಟಾರ್‌ಗಳು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ವಾಪಸ್ ಬರುತ್ತವೆ. 66 ನಿಮಿಷ ದಣಿದ ಮೇಲೆ ಅದು ಬಂದಿದ್ದರಿಂದ ನಿಮಗದು ಕೇಳಿಸಿಯೇ ಇರಲಿಕ್ಕಿಲ್ಲ. ತಂಡದ ಇನ್ನೊಬ್ಬ ಗಿಟಾರ್ ವಾದಕ ಕಿರ್ಕ್ ಹ್ಯಾಮೆಟ್ ಸೋಲೋಗಳು ಹಳೆಯ ಹಾಗಿಲ್ಲ, ಗಿಟಾರನ್ನು ‘ವಾ ವಾ’ ಎನ್ನಿಸುವ ಅದೇ ವಾ ಪೆಡಲ್ ತುಳಿತ ಎಂದು ನಿಮ್ಮಲ್ಲಿ ಗಿಟಾರ್ ನುಡಿಸುವವರಿದ್ದರೆ ಗೊಣಗುತ್ತಾರೆ. ನಾನು ಅಡ್ಡ ಹೇಳುವುದಿಲ್ಲ. ಅದು ನುಡಿಸಿದ ಕೈಗೇ ಬರೆಯಬೇಕಾದ ವಿಳಾಸ.

ಕೇಳುವ ಜಾಗದ ಬಗ್ಗೆ ಎರಡು ಮಾತು. ಹೆದ್ದಾರಿಯಲ್ಲಿ ಕಾರಿನೊಳಗೆ ಟೈರಿನ ಗುಂಯ್‌ಗುಟ್ಟುವಿಕೆ ಬೇಸ್‌ನ ಕೆಳಭಾಗವನ್ನು ತಿಂದುಹಾಕುತ್ತದೆ, ಹಾಗಾಗಿ ಎಲ್ಲ ಹಾಡೂ ಒಂದೇ ಥರ ಕೇಳುತ್ತದೆ. ಮಹಡಿಯ ಮೇಲೆ ಚಿಕ್ಕ ಬ್ಲೂಟೂತ್ ಸ್ಪೀಕರ್ ಇಟ್ಟು ಐದು ಜನ ಕೂತರೂ ಅಷ್ಟೇ. ಗೋಡೆಯಿಲ್ಲದ ಬಯಲಲ್ಲಿ ಅದರ ತಗ್ಗಿನ ಸ್ವರಗಳು ಗಾಳಿಗೆ ಹೋಗುತ್ತವೆ. ತಂತಿ ಇರುವ ಸಾಧಾರಣ ಹೆಡ್‌ಫೋನ್ ಹಾಕಿ ಕೋಣೆಯಲ್ಲಿ ಕೇಳಿ. ಹಳೆಯ ಆಲ್ಬಮ್ ಜೊತೆ ಹೋಲಿಸುವುದಾದರೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಜೋರಾಗಿ ಮಾಸ್ಟರ್ ಮಾಡಿದ್ದು ಯಾವುದೋ ಅದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ.

ಇಷ್ಟು ಮಾಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ. ನೀವು ಅವರಿಗೆ ಏನೂ ಬಾಕಿ ಇಲ್ಲ, ಅವರು ನಿಮಗೂ ಏನೂ ಬಾಕಿ ಇಲ್ಲ. ಐವರೂ ಒಂದೇ ಅಭಿಪ್ರಾಯಕ್ಕೆ ಬರಬೇಕೆಂಬ ಹಟವನ್ನಂತೂ ಬಿಡಿ.

ಕೊನೆಗೆ ಪ್ಲೇಟು. ಮನೆಯಲ್ಲಿ ಪ್ಲೇಟು ನುಡಿಸುವ ಟರ್ನ್‌ಟೇಬಲ್ ಇಲ್ಲದಿದ್ದರೆ ಬೇಡ. ಪ್ಲೇಟು, ಟರ್ನ್‌ಟೇಬಲ್, ಅದಕ್ಕೆ ಬೇಕಾದ ಆಂಪ್ಲಿಫೈಯರ್, ಸ್ಪೀಕರ್ ಎಂದು ಖರ್ಚು ಬೆಳೆಯುತ್ತದೆ. ಹಿಡಿಸದ ಆಲ್ಬಮ್‌ಗಾಗಿ ಆ ಬಾವಿಗೆ ಇಳಿಯಬೇಡಿ. ಟರ್ನ್‌ಟೇಬಲ್ ಈಗಾಗಲೇ ಇದ್ದರೆ ತರಿಸಿ ಅನ್ನುತ್ತೇನೆ. ಹೊಳಪಿನ ಹೊದಿಕೆಗಾಗಿ ಅಲ್ಲ, ‘ವಿನೈಲ್ ಸದ್ದೇ ಬೇರೆ’ ಎಂಬ ಪುರಾಣಕ್ಕೂ ಅಲ್ಲ. ಆ 77 ನಿಮಿಷವನ್ನು ಎರಡು ಪ್ಲೇಟಿನ ನಾಲ್ಕು ಬದಿಗೆ ಹಂಚಿದ್ದಾರೆ, ಬದಿಗೆ ಸರಾಸರಿ ಹತ್ತೊಂಬತ್ತು ನಿಮಿಷ. ಒಂದು ಬದಿ ಮುಗಿದ ಕೂಡಲೇ ಮುಳ್ಳು ಎತ್ತಬೇಕು, ಎದ್ದು ಹೋಗಬೇಕು. ಸ್ಟುಡಿಯೋದಲ್ಲಿ ಯಾರೂ ಹೇಳದ ‘ಸಾಕು’ ಎಂಬ ಮಾತನ್ನು ಆ ಯಂತ್ರ ಹೇಳುತ್ತದೆ. ತರಿಸಿದರೆ ಮೊದಲು ಹಾಕಬೇಕಾದದ್ದು ನಾಲ್ಕನೇ ಬದಿ. ಮೊದಲನೆಯದು ಇನ್ನೊಂದು ದಿನಕ್ಕಿರಲಿ.